ಕಟ್ಟಡದ ನಿರ್ಮಾಣ ದೋಷ: ಪ್ರವರ್ತಕರ ಹೊಣೆಗಾರಿಕೆ

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016ರ ಕಲಂ 14(3)ರನ್ವಯ, ಫ್ಲ್ಯಾಟಿನ ಸ್ವಾಧೀನ ನೀಡಿದ ದಿನಾಂಕದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆ, ಕಾಮಗಾರಿ, ಗುಣಮಟ್ಟ ಅಥವಾ ಸೇವೆಗಳಲ್ಲಿನ ದೋಷವನ್ನು ಖರೀದಿದಾರರು ಗಮನಕ್ಕೆ ತಂದಲ್ಲಿ, ಪ್ರವರ್ತಕರು (ಬಿಲ್ಡರ್) ಹೆಚ್ಚುವರಿ ಹಣ ಪಡೆಯದೆ 30 ದಿನಗಳೊಳಗೆ ಅದನ್ನು ಸರಿಪಡಿಸತಕ್ಕದ್ದು. ತಪ್ಪಿದಲ್ಲಿ ಖರೀದಿದಾರರು ಪರಿಹಾರ ಪಡೆಯಲು ಅರ್ಹರಿರುತ್ತಾರೆ. ಕಾಮಗಾರಿಯನ್ನು ಗುತ್ತಿಗೆದಾರರು ನಿರ್ವಹಿಸಿದ್ದರೂ ಖರೀದಿದಾರರಿಗೆ ಪ್ರವರ್ತಕರೇ ಹೊಣೆಗಾರರು.

ಖರೀದಿದಾರರು ಗಮನಿಸಬೇಕಾದ ಅಂಶಗಳು:

1. ಅವಧಿಯನ್ನು ಸ್ವಾಧೀನದ ದಿನಾಂಕದಿಂದ ಲೆಕ್ಕ ಹಾಕಲಾಗುವುದು. ಕ್ರಯಪತ್ರ ನೋಂದಣಿಯಾದ ದಿನಾಂಕದಿಂದಲ್ಲ. ಆದುದರಿಂದ ಸ್ವಾಧೀನ ಪತ್ರವನ್ನು ಜೋಪಾನವಾಗಿಡತಕ್ಕದ್ದು.

2. ಗೋಡೆಯ ಬಿರುಕು, ಛಾವಣಿಯ ಸೋರಿಕೆ ಮುಂತಾದವುಗಳನ್ನು ಬಾಯಿಮಾತಿನಲ್ಲಿ ತಿಳಿಸಿದ್ದಲ್ಲಿ, ಅವಧಿಯೊಳಗೆ ತಿಳಿಸಿರುವುದನ್ನು ರುಜುವಾತುಪಡಿಸುವುದು ಕಷ್ಟ. ಛಾಯಾಚಿತ್ರಗಳೊಂದಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯತಕ್ಕದ್ದು.

3. ದೋಷ ಸರಿಪಡಿಸದಿದ್ದಲ್ಲಿ, ದುರಸ್ತಿಗೆ ನಿರ್ದೇಶನ ಕೋರಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಪರಿಹಾರದ ಮೊತ್ತವನ್ನು ನ್ಯಾಯನಿರ್ಣಯಾಧಿಕಾರಿಯವರು ನಿರ್ಧರಿಸುತ್ತಾರೆ.

ವಿಶೇಷ ಸೂಚನೆ: ಸ್ವಂತ ನಿವೇಶನದಲ್ಲಿ ತಮ್ಮ ವಾಸಕ್ಕಾಗಿ ಗುತ್ತಿಗೆದಾರರಿಂದ ಮನೆ ಕಟ್ಟಿಸುವವರಿಗೆ ಈ ಕಲಂ ಅನ್ವಯಿಸುವುದಿಲ್ಲ. ಅಂತಹವರು ದೋಷ ಹೊಣೆಗಾರಿಕೆಯ ಅವಧಿ, ದುರಸ್ತಿಯ ಗಡುವು ಹಾಗೂ ಅಲ್ಲಿಯವರೆಗೆ ತಡೆಹಿಡಿಯುವ ಮೊತ್ತವನ್ನು ಕರಾರು ಪತ್ರದಲ್ಲಿಯೇ ಸ್ಪಷ್ಟವಾಗಿ ನಮೂದಿಸಿಕೊಳ್ಳುವುದು ಸೂಕ್ತ.