ಮೊದಲನೆಯ ಬಗೆಯ ಮಧುಮೇಹ ಮತ್ತು ತಾಯ್ತನ: ನಗೋಯಾದಿಂದ ಒಂದು ಬರಹ

ಮಧುಮೇಹವೆಂದೊಡನೆ ನಮ್ಮವರಿಗೆ ನೆನಪಾಗುವುದು ನಡುವಯಸ್ಸಿನಲ್ಲಿ ಬರುವ ಸಕ್ಕರೆ ಕಾಯಿಲೆ. ಮೊದಲನೆಯ ಬಗೆಯ ಮಧುಮೇಹ, ಅಂದರೆ ಟೈಪ್ ಒನ್ ಡಯಾಬಿಟಿಸ್, ಅದಕ್ಕಿಂತ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕಣಗಳನ್ನು ನಾಶಪಡಿಸುವುದರಿಂದ ಇನ್ಸುಲಿನ್ ಉತ್ಪತ್ತಿ ನಿಂತೇಹೋಗುತ್ತದೆ. ಬಹುಪಾಲು ಬಾಲ್ಯದಲ್ಲಿ ಅಥವಾ ಹರೆಯದಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆಯಲ್ಲಿ ಹೊರಗಿನಿಂದ ಕೊಡುವ ಇನ್ಸುಲಿನ್ ಇಲ್ಲದೆ ಬದುಕಿಲ್ಲ. ಬಸಿರಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡು ಹೆರಿಗೆಯ ನಂತರ ಸಾಮಾನ್ಯವಾಗಿ ಮರೆಯಾಗುವ ಗರ್ಭಾವಧಿಯ ಮಧುಮೇಹವೂ ಇದಲ್ಲ.

ನಾನು ಕರ್ನಾಟಕದಲ್ಲಿ ವೈದ್ಯಕೀಯ ಓದಿ, ಸಂಶೋಧನೆಗಾಗಿ ನಗೋಯಾಕ್ಕೆ ಬಂದು ಇಲ್ಲಿಯೇ ನೆಲೆಸಿದವನು. ಜಪಾನಿನ ವೈದ್ಯ ಪರವಾನಗಿ ನನಗಿಲ್ಲ. ಆದ್ದರಿಂದ ಇಲ್ಲಿ ಚಿಕಿತ್ಸೆ ನೀಡುವುದಿಲ್ಲ. ಭಾಷೆ ಬಾರದ ನಮ್ಮ ಕುಟುಂಬಗಳ ಜೊತೆ ಆಸ್ಪತ್ರೆಗೆ ಹೋಗಿ ಮಾತನ್ನು ದಾಟಿಸುವುದಷ್ಟೇ ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಸಮೀಪದ ತೊಯೋಟಾ ನಗರದಲ್ಲಿ ಗಂಡ ಕೆಲಸ ಮಾಡುತ್ತಿದ್ದ ಮಂಡ್ಯದ ಕಡೆಯ ಯುವತಿಯೊಬ್ಬಳು ನಮ್ಮ ಮನೆಗೆ ಬಂದಳು. ಹನ್ನೊಂದನೆಯ ವಯಸ್ಸಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವಳು. ಆಗ ಏಳು ವಾರಗಳ ಬಸುರಿ. "ಡಾಕ್ಟ್ರೇ, ಈ ಮಗು ಉಳಿಸ್ಕೋಬಹುದಾ?" ಎಂದು ಕೇಳಿದಳು. ಈ ಬರಹ ಆ ಪ್ರಶ್ನೆಗೆ ಸಾವಧಾನವಾಗಿ ಕೊಡುವ ಉತ್ತರ.

ಹಿಂದಿನ ಕಾಲ

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆಯ ಹೆಣ್ಣುಮಕ್ಕಳು ತಾಯಿಯಾಗುವ ವಯಸ್ಸನ್ನು ಮುಟ್ಟುವುದೇ ಅಪರೂಪವಾಗಿತ್ತು. ಆಮೇಲೆ ತಾಯಂದಿರು ಉಳಿದರು. ಶಿಶುಗಳ ಸಾವು ಮಾತ್ರ ಬಹುಕಾಲ ಹೆಚ್ಚಾಗಿಯೇ ಉಳಿಯಿತು. ಬೋಸ್ಟನ್ನಿನ ಜಾಸ್ಲಿನ್ ಕ್ಲಿನಿಕ್ಕಿನ ಪ್ರಿಸಿಲ್ಲಾ ವೈಟ್ 1949ರಲ್ಲಿ ಇಂಥ ಬಸಿರುಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ವರ್ಗೀಕರಿಸಿದರು. ಜಪಾನಿನಲ್ಲಿ ಮಧುಮೇಹವಿದ್ದವರು ಹೆರಬಾರದೆಂಬ ಅಭಿಪ್ರಾಯ ಬಲವಾಗಿದ್ದಾಗ ಅದನ್ನು ಬದಲಿಸಿದವರಲ್ಲಿ ಟೋಕಿಯೊ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದ ವೈದ್ಯೆ ಯಾಸುಯೆ ಓಮೋರಿ ಪ್ರಮುಖರು. ಇಲ್ಲಿ ರೋಗಿಯೇ ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವುದಕ್ಕೆ ಆರೋಗ್ಯ ವಿಮೆಯ ಮನ್ನಣೆ ದೊರೆತದ್ದು 1981ರಲ್ಲಿ.

ಬಸಿರಿಗೆ ಮುನ್ನ

ಭ್ರೂಣದ ಹೃದಯ, ಮಿದುಳು, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಬಹಳ ಹೆಂಗಸರಿಗೆ ಬಸಿರು ತಿಳಿಯುವ ಹೊತ್ತಿಗೆ ಆ ಕಾಲದ ಬಹುಪಾಲು ಕಳೆದಿರುತ್ತದೆ. ಆಗ ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಗರ್ಭಪಾತದ ಮತ್ತು ಅಂಗದೋಷದ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದಲೇ ಸಿದ್ಧತೆ ಬಸಿರಿಗೆ ಮೊದಲೇ ನಡೆಯಬೇಕು. ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 6.5ಕ್ಕಿಂತ ಕೆಳಗಿರುವುದು ಲೇಸು, ಶೇ. 10ನ್ನು ಮೀರಿದ್ದರೆ ಬಸಿರನ್ನು ಮುಂದೂಡುವುದೇ ವಿವೇಕ. ಫೋಲಿಕ್ ಆಮ್ಲವನ್ನು ಮೊದಲೇ ಆರಂಭಿಸಬೇಕು. ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಥೈರಾಯ್ಡ್ ಇವುಗಳ ಪರೀಕ್ಷೆಯಾಗಬೇಕು. ಎಸಿಇ ತಡೆಗಳಂಥ ಕೆಲವು ರಕ್ತದೊತ್ತಡದ ಔಷಧಿಗಳನ್ನೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ಗಳನ್ನೂ ವೈದ್ಯರೊಡನೆ ಮಾತನಾಡಿ ಬದಲಿಸಿಕೊಳ್ಳಬೇಕು.

ನಮ್ಮ ಯುವತಿಯ ಎಚ್‌ಬಿಎ1ಸಿ 8.2 ಇತ್ತು. ಅಪಾಯ ಹೆಚ್ಚಿದೆ, ಆದರೆ ಹೆಚ್ಚಿನ ಮಕ್ಕಳು ಈ ಮಟ್ಟದಲ್ಲಿಯೂ ಸರಿಯಾಗಿಯೇ ಹುಟ್ಟುತ್ತವೆ ಎಂದು ಆಸ್ಪತ್ರೆಯ ವೈದ್ಯೆ ಹೇಳಿದ್ದನ್ನು ನಾನು ಒಂದು ಪದವನ್ನೂ ಬಿಡದೆ ಕನ್ನಡಕ್ಕೆ ತಂದೆ. ಸುಳ್ಳು ಸಮಾಧಾನ ಹೇಳಬೇಕೆಂಬ ಆಸೆಯನ್ನು ನುಂಗಿಕೊಂಡೆ.

ಒಂಬತ್ತು ತಿಂಗಳ ಏರಿಳಿತ

ಮೊದಲ ಮೂರು ತಿಂಗಳ ಕೊನೆಯ ಹೊತ್ತಿಗೆ ಇನ್ಸುಲಿನ್ ಬೇಡಿಕೆ ಇಳಿಯಬಹುದು. ನಿದ್ದೆಯಲ್ಲಿಯೇ ಸಕ್ಕರೆ ಕುಸಿಯುವ ಭಯ ಆಗ ಹೆಚ್ಚು. ನಾಲ್ಕನೆಯ ತಿಂಗಳ ನಂತರ ಮಾಸಿನ ಹಾರ್ಮೋನುಗಳು ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುವುದರಿಂದ ಬೇಡಿಕೆ ಏರುತ್ತಾ ಕೊನೆಗೆ ಎರಡು ಮೂರು ಪಟ್ಟಾಗುತ್ತದೆ. ಇದು ಕಾಯಿಲೆ ಉಲ್ಬಣಿಸಿದ ಲಕ್ಷಣವಲ್ಲ, ಬಸಿರಿನ ಸಹಜ ಗತಿ. ಬರಿಹೊಟ್ಟೆಯಲ್ಲಿ 70ರಿಂದ 95, ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಎಂಬುದು ಸಾಮಾನ್ಯ ಗುರಿ. ಭಾರತದಂತೆ ಜಪಾನಿನಲ್ಲಿಯೂ ಅಳತೆ ಮಿಲಿಗ್ರಾಮ್‌ಗಳಲ್ಲಿಯೇ. ಬ್ರಿಟನ್ನಿನವರು ಆ ಸಂಖ್ಯೆಯನ್ನು 18ರಿಂದ ಭಾಗಿಸಿಕೊಳ್ಳಬೇಕು. ಚರ್ಮಕ್ಕೆ ಅಂಟಿಸಿ ನಿರಂತರವಾಗಿ ಸಕ್ಕರೆ ಅಳೆಯುವ ಸಾಧನದಿಂದ ಶಿಶುವಿಗೆ ಲಾಭವಿದೆಯೆಂದು 2017ರಲ್ಲಿ ಪ್ರಕಟವಾದ ಕಾನ್ಸೆಪ್ಟ್ ಅಧ್ಯಯನ ತೋರಿಸಿತು: ಅತಿತೂಕದ ಶಿಶುಗಳು ಕಡಿಮೆಯಾದವು, ನವಜಾತ ಶಿಶುಗಳ ತೀವ್ರ ನಿಗಾ ಘಟಕದ ವಾಸವೂ ತಗ್ಗಿತು. ರಕ್ತದೊತ್ತಡ ಏರುವ ಪ್ರೀ-ಎಕ್ಲಾಂಪ್ಸಿಯಾವನ್ನು ತಡೆಯಲು ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದನ್ನು ವೈದ್ಯರು ಪರಿಶೀಲಿಸುತ್ತಾರೆ.

ಹತ್ತನೆಯ ವಾರದಲ್ಲಿ ಆಕೆಗೆ ವಾಂತಿ ಬಿಡಲಿಲ್ಲ. ಊರಿನಿಂದ ತಾಯಿ ಫೋನಿನಲ್ಲಿ, "ತಿನ್ನದೇ ಇದ್ಮೇಲೆ ಸೂಜಿ ಯಾಕವ್ವಾ, ಬಿಡು" ಎಂದರಂತೆ. ಪ್ರೀತಿಯಿಂದ ಬಂದ ಈ ಮಾತು ಪ್ರಾಣಕ್ಕೆ ಎರವಾಗಬಲ್ಲದು. ಊಟ ಮಾಡದಿದ್ದರೂ ದೇಹಕ್ಕೆ ಮೂಲ ಇನ್ಸುಲಿನ್ ಬೇಕೇ ಬೇಕು. ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬಿಕೊಳ್ಳುತ್ತವೆ. ಬಸುರಿಯರಲ್ಲಿ ಸಕ್ಕರೆ ಅಷ್ಟೇನೂ ಏರದೆಯೇ ಈ ಸ್ಥಿತಿ ಬರಬಹುದು. ವ್ರತ ಉಪವಾಸಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು. ಕೀಟೋನ್ ಏರತೊಡಗಿತ್ತು, ಎರಡು ದಿನ ಡ್ರಿಪ್ ಹಾಕಿದ ಮೇಲೆ ಇಳಿಯಿತು.

ನಗೋಯಾದ ವ್ಯವಸ್ಥೆ

ಜಪಾನಿನಲ್ಲಿ ಈ ಕಾಯಿಲೆ ವಿರಳ: ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಮಾತ್ರ. ಫಿನ್‌ಲೆಂಡಿನಲ್ಲಿ ಐವತ್ತಕ್ಕೂ ಹೆಚ್ಚು. ಆದ್ದರಿಂದ ಸಣ್ಣ ಹೆರಿಗೆ ಕ್ಲಿನಿಕ್ಕುಗಳು ಇಂಥವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತವೆ. ತ್ಸುರುಮಾಯಿಯ ನಗೋಯಾ ವಿಶ್ವವಿದ್ಯಾಲಯ ಆಸ್ಪತ್ರೆ, ನಕಾಮುರಾ ಮತ್ತು ಯಾಗೊತೋಗಳ ರೆಡ್‌ಕ್ರಾಸ್ ಆಸ್ಪತ್ರೆಗಳು ಅಂಥವು. ಹೋಗುವಾಗ 'ಶೋಕಾಯಿಜೋ' ಎಂಬ ಶಿಫಾರಸು ಪತ್ರ ಒಯ್ಯಬೇಕು. ಇಲ್ಲವಾದರೆ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ.

ಬಸಿರನ್ನು ನೋಂದಾಯಿಸಿದಾಗ ಸ್ಥಳೀಯ ಆಡಳಿತ 'ಬೋಶಿ ಕೆಂಕೋ ತೆಚೋ' ಎಂಬ ತಾಯಿ ಮಗುವಿನ ಪುಸ್ತಕ ಕೊಡುತ್ತದೆ. 1948ರಿಂದ ನಡೆದುಬಂದಿರುವ ಇದು ನಮ್ಮ ತಾಯಿ ಕಾರ್ಡಿನ ಹಿರಿಯಕ್ಕ. ಇನ್ಸುಲಿನ್‌ಗೆ ಆರೋಗ್ಯ ವಿಮೆ ಸಲ್ಲುತ್ತದೆ; ಸಾಮಾನ್ಯವಾಗಿ ಶೇ. 30 ನಮ್ಮ ಪಾಲು, ತಿಂಗಳ ವೆಚ್ಚಕ್ಕೆ ಮಿತಿಯೂ ಉಂಟು. ಸಿಸೇರಿಯನ್ ಶಸ್ತ್ರಚಿಕಿತ್ಸೆಗೂ ವಿಮೆಯಿದೆ. ಹೆರಿಗೆಗೆಂದು ಕೊಡುವ ಧನಸಹಾಯ 2023ರ ಏಪ್ರಿಲಿನಿಂದ ಐದು ಲಕ್ಷ ಯೆನ್.

ಎರಡು ಮಾತನ್ನು ಗಂಡನೂ ಬಾಯಿಪಾಠ ಮಾಡಿಕೊಳ್ಳಲಿ: 'ಇಚಿಗತಾ ತೋನ್ಯೋಬ್ಯೋ' ಎಂದರೆ ಮೊದಲನೆಯ ಬಗೆಯ ಮಧುಮೇಹ, 'ನಿನ್‌ಶಿನ್' ಎಂದರೆ ಬಸಿರು. ಆಂಬುಲೆನ್ಸಿಗೆ 119. ಸಕ್ಕರೆ ಕುಸಿದಾಗ ಬೇಕಾಗುವ ಗ್ಲೂಕೋಸ್ ಮಾತ್ರೆ ಔಷಧಿ ಅಂಗಡಿಗಳಲ್ಲಿ 'ಬುದೋತೋ' ಎಂಬ ಹೆಸರಿನಲ್ಲಿ ಸಿಗುತ್ತದೆ.

ತವರೋ, ಇಲ್ಲಿಯೋ

ಚೊಚ್ಚಲು ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಸಂಪ್ರದಾಯ. ಜಪಾನೀಯರಲ್ಲಿಯೂ 'ಸಾತೋಗಾಯೆರಿ' ಎಂಬ ಇದೇ ಪದ್ಧತಿಯುಂಟು. ನಾವು ವಿವರಿಸಿದಾಗ ದಾದಿಯರಿಗೆ ಕೂಡಲೇ ಅರ್ಥವಾಯಿತು. ಆದರೆ ಇನ್ಸುಲಿನ್ ಪ್ರಮಾಣ ವಾರವಾರಕ್ಕೂ ಬದಲಾಗುವ ಏಳನೆಯ ತಿಂಗಳಿನಲ್ಲಿ ವೈದ್ಯರನ್ನೂ ಊಟವನ್ನೂ ಗಡಿಯಾರವನ್ನೂ ಒಮ್ಮೆಗೇ ಬದಲಿಸುವುದು ಕಷ್ಟ. ಹೋಗುವುದಾದರೆ ಬೇಗನೆ ಹೋಗಿ, ಮಧುಮೇಹ ತಜ್ಞರೂ ಶಿಶು ಘಟಕವೂ ಇರುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ಮಗಳು ತವರಿಗೆ ಹೋಗುವ ಬದಲು ತವರೇ ಮಗಳ ಬಳಿಗೆ ಬರಬಹುದು. ಇಲ್ಲಿ ಹಾಗೆಯೇ ಆಯಿತು. ತಾಯಿ ಎಂಟನೆಯ ತಿಂಗಳಿಗೆ ನಗೋಯಾಕ್ಕೆ ಬಂದರು. ಸೀಮಂತ ನಮ್ಮ ಮನೆಯಲ್ಲಿಯೇ ನಡೆಯಿತು.

ಹೆರಿಗೆ ಮತ್ತು ಬಾಣಂತನ

ತೊಡಕಿಲ್ಲದಿದ್ದರೂ 37, 38ನೆಯ ವಾರಗಳಲ್ಲಿ ಹೆರಿಗೆ ಮಾಡಿಸುವುದು ರೂಢಿ. ಈ ಕಾಯಿಲೆಯಿದ್ದ ಮಾತ್ರಕ್ಕೆ ಸಿಸೇರಿಯನ್ ಕಡ್ಡಾಯವಲ್ಲ. ಮಾಸು ಹೊರಬಂದೊಡನೆ ಇನ್ಸುಲಿನ್ ಬೇಡಿಕೆ ಥಟ್ಟನೆ ಕುಸಿಯುತ್ತದೆ. ಹಿಂದಿನ ದಿನದ ಪ್ರಮಾಣವನ್ನೇ ಮುಂದುವರಿಸುವುದು ಅಪಾಯ. ತಾಯಿಯ ಸಕ್ಕರೆಗೆ ಹೊಂದಿಕೊಂಡು ಹೆಚ್ಚು ಇನ್ಸುಲಿನ್ ಸ್ರವಿಸಲು ಕಲಿತ ಶಿಶುವಿನ ಸಕ್ಕರೆ ಹುಟ್ಟಿದ ಕೆಲ ಗಂಟೆಗಳಲ್ಲಿ ಇಳಿಯಬಹುದು. ಬೇಗ ಎದೆಹಾಲು ಕುಡಿಸುವುದೂ ಮಗುವಿನ ಸಕ್ಕರೆ ಅಳೆಯುತ್ತಿರುವುದೂ ಅಗತ್ಯ.

ಹಾಲೂಡಿಸುವಾಗ ತಾಯಿಯ ಸಕ್ಕರೆಯೂ ಇಳಿಯುವುದರಿಂದ ಕೈಗೆಟಕುವಂತೆ ತಿನಿಸು ಇರಲಿ. ಬಾಣಂತಿಗೆ ನೀರು ಕೊಡಬಾರದೆಂಬ ಪಥ್ಯ ಬೇಡ. ಅಂಟಿನ ಉಂಡೆ ತಿನ್ನಬಾರದೆಂದಿಲ್ಲ. ಅದರಲ್ಲಿರುವ ಬೆಲ್ಲವನ್ನು ಲೆಕ್ಕಕ್ಕೆ ಹಿಡಿದು ಇನ್ಸುಲಿನ್ ತೆಗೆದುಕೊಳ್ಳಬೇಕು, ಅಷ್ಟೇ. ತಾಯಿಗಿರುವ ಕಾಯಿಲೆ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರು ಮಾತ್ರ.

37ನೆಯ ವಾರ ತುಂಬಿದ ಮೇಲೆ ಹೆಣ್ಣುಮಗು ಹುಟ್ಟಿತು. ಸಕ್ಕರೆ ಇಳಿದದ್ದರಿಂದ ಒಂದು ಹಗಲು, ಒಂದು ರಾತ್ರಿ ಗಾಜಿನ ತೊಟ್ಟಿಲಲ್ಲಿತ್ತು. ಗಾಜಿನಾಚೆ ನಿಂತ ಅಜ್ಜಿ ನನ್ನತ್ತ ತಿರುಗಿ, "ಅವತ್ತು ಸೂಜಿ ಬಿಡು ಅಂದಿದ್ದೆ ನಾನು, ಡಾಕ್ಟ್ರೇ" ಎಂದರು. "ಗೊತ್ತಿರಲಿಲ್ಲ, ಅಮ್ಮ" ಎಂದೆ. ಅಂದಿನಿಂದ ಮಗಳ ಇನ್ಸುಲಿನ್ ಪೆನ್ನನ್ನು ಹೊತ್ತಿಗೆ ಸರಿಯಾಗಿ ತಂದುಕೊಟ್ಟವರು ಅವರೇ. ಉಳಿಸಿಕೊಳ್ಳಬಹುದೇ ಎಂದು ಕೇಳುವ ಮಗಳಿಗೆ ನನ್ನ ಉತ್ತರವಿಷ್ಟು: ಬಹುಮಟ್ಟಿಗೆ ಸಾಧ್ಯ, ಆದರೆ ಒಬ್ಬಳೇ ಅಲ್ಲ, ಮನೆಯವರೆಲ್ಲರೂ ತಿಳಿದುಕೊಂಡರೆ.