ಪೆಟ್ಟಿಗೆ ಬಿಗಿಯುವ ಮುನ್ನ

ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ಗೆ ಹೊರದೇಶದಿಂದ 5,000 ಷರ್ಟುಗಳ ಆರ್ಡರ್ ಬಂದಿದೆ ಎನ್ನಿ. ಹೊಲಿಗೆಯೆಲ್ಲ ಮುಗಿದು, ನೂರಕ್ಕೆ 80 ಪಾಲಾದರೂ ಕಾರ್ಟನ್ ಸೇರಿದ ಮೇಲೆ ‘ಫೈನಲ್ ಇನ್‌ಸ್ಪೆಕ್ಷನ್’ ನಡೆಯುವುದು ವಾಡಿಕೆ. ಬಂದ ಇನ್‌ಸ್ಪೆಕ್ಟರ್ ಸಾಮಾನ್ಯವಾಗಿ ನೋಡುವುದು 200 ಷರ್ಟು ಮಾತ್ರ. ಅದರಲ್ಲಿ ಮೇಜರ್ ದೋಷದವು 10ರ ತನಕ ಸಿಕ್ಕರೆ ಲಾಟ್ ಪಾಸ್, 11 ಸಿಕ್ಕರೆ ಫೇಲ್. ಒಂದು ಷರ್ಟಿನ ಅಂತರದಲ್ಲಿ ಇಡೀ ಸರಕಿನ ಹಣೆಬರಹ ತೀರ್ಮಾನವಾಗುತ್ತದೆ. ಈ 200, ಈ 10 ಎಲ್ಲಿಂದ ಬಂದವು?

ಸರಕನ್ನು ಮೂರನೆಯವರ ಕಣ್ಣಿಗೆ ಒಪ್ಪಿಸುವ ಪದ್ಧತಿ ಹಡಗಿನಿಂದ ಶುರುವಾಯಿತು. 1828ರಲ್ಲಿ ಆಂಟ್‌ವರ್ಪ್‌ನಲ್ಲಿ ಹುಟ್ಟಿದ ಬ್ಯೂರೊ ವೆರಿಟಾಸ್ ವಿಮೆದಾರರಿಗೆ ಹಡಗುಗಳ ಸ್ಥಿತಿಗತಿಯ ಮಾಹಿತಿ ಕೊಡುತ್ತಿತ್ತು. 1878ರಲ್ಲಿ ಫ್ರಾನ್ಸಿನ ರುಆಂ ಬಂದರಿನಲ್ಲಿ ಆರಂಭವಾಗಿ ಮುಂದೆ ಎಸ್‌ಜಿಎಸ್ ಆದ ಸಂಸ್ಥೆಯ ಮೊದಲ ಕೆಲಸ ಧಾನ್ಯದ ತಪಾಸಣೆ. ಹಡಗೇರಿದ್ದೆಷ್ಟು, ಇಳಿದದ್ದೆಷ್ಟು ಎಂಬ ಜಗಳದಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಬೇಕಾಗಿದ್ದದ್ದು ಇಬ್ಬರಿಗೂ ಸೇರದ ಒಬ್ಬ ಸಾಕ್ಷಿ.

ಧಾನ್ಯವನ್ನು ತೂಗಬಹುದು, ಒಂದು ಹಿಡಿ ತೆಗೆದು ನೋಡಬಹುದು. ಕಾರ್ಖಾನೆಯಿಂದ ಲಕ್ಷಗಟ್ಟಲೆ ಹೊರಬೀಳುವ ಬಿಡಿಭಾಗಗಳಿಗೆ ಏನು ಮಾಡುವುದು? ಇದಕ್ಕೆ ಉತ್ತರ ಬಂದದ್ದು ಅಮೆರಿಕದ ಬೆಲ್ ಟೆಲಿಫೋನ್ ಸಮೂಹದಿಂದ. ಅಲ್ಲಿ ವಾಲ್ಟರ್ ಶೂಹಾರ್ಟ್ 1924ರಲ್ಲಿ, ತಯಾರಿಕೆ ಹಳಿ ತಪ್ಪಿತೇ ಎಂದು ತೋರಿಸುವ ನಿಯಂತ್ರಣ ನಕ್ಷೆಯನ್ನು ರೂಪಿಸಿದ. ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೊಮಿಗ್ ಮಾದರಿ ಎತ್ತಿ ಲಾಟನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ಲೆಕ್ಕ ಕಟ್ಟಿದರು. ಎರಡನೆಯ ಮಹಾಯುದ್ಧ ಆ ಲೆಕ್ಕವನ್ನು ಮದ್ದುಗುಂಡಿನ ಖರೀದಿಗೆ ತಂದಿತು. 1950ರಲ್ಲಿ ಅದು ‘ಮಿಲ್-ಎಸ್‌ಟಿಡಿ-105’ ಎಂಬ ಸೇನಾ ಕೋಷ್ಟಕವಾಯಿತು, 1974ರಲ್ಲಿ ಐಎಸ್‌ಒ 2859 ಎಂಬ ಅಂತರರಾಷ್ಟ್ರೀಯ ಮಾನಕ. ನಮ್ಮ ಐಎಸ್ 2500 ಅದರದೇ ಬಳಗ. ಸೇನೆಯವರು ತಮ್ಮ ಕೋಷ್ಟಕವನ್ನು 1995ರಲ್ಲಿ ಕೈಬಿಟ್ಟರು. ಬಟ್ಟೆ, ಆಟಿಕೆ, ಬ್ಯಾಗು ಮಾಡುವವರು ಮಾತ್ರ ಇಂದಿಗೂ ಬಿಟ್ಟಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಷರ್ಟಿನ ಉದಾಹರಣೆಯಲ್ಲಿರುವುದು ಎಕ್ಯೂಎಲ್ 2.5, ಅಂದರೆ ಒಪ್ಪಬಹುದಾದ ಗುಣಮಟ್ಟದ ಮಿತಿ ನೂರಕ್ಕೆ ಎರಡೂವರೆ. ಇದನ್ನು ‘ನೂರಕ್ಕೆ ಎರಡೂವರೆಗಿಂತ ಹೆಚ್ಚು ದೋಷವಿದ್ದರೆ ಸರಕು ಹೊರಡದು’ ಎಂಬ ಭರವಸೆಯಾಗಿ ಓದುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ: ನೂರಕ್ಕೆ 5 ಕೆಟ್ಟಿರುವ ಲಾಟ್ ಕೂಡ 200ರ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಪಾಸಾಗುತ್ತದೆ. ಕೋಷ್ಟಕ ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ಇನ್ನೊಂದು ನಿಯಮ ಜೋಡಿಸಿದ್ದರು: ಒಬ್ಬನೇ ತಯಾರಕನಿಂದ ಸಾಲಾಗಿ ಬರುವ ಐದು ಲಾಟುಗಳೊಳಗೆ ಎರಡು ಫೇಲಾದರೆ ತಪಾಸಣೆ ಬಿಗಿಯಾಗಬೇಕು. ಕೊಳ್ಳುವವನಿಗೆ ನಿಜವಾದ ರಕ್ಷಣೆ ಇದ್ದದ್ದು ಆ ಬಿಗಿಯಲ್ಲಿ. ಫ್ಯಾಷನ್ ವ್ಯಾಪಾರದಲ್ಲಿ ಒಂದು ಡಿಸೈನು ಒಮ್ಮೆ ಹೋದರೆ ಮತ್ತೆ ಬರುವುದೇ ಅಪರೂಪ. ಸಾಲೇ ಇಲ್ಲದ ಕಡೆ ಸಾಲಿನ ನಿಯಮ ಏನು ಮಾಡೀತು? ಬಿಡಿ ಲಾಟುಗಳಿಗೆಂದೇ ಐಎಸ್‌ಒ 2859ರ ಎರಡನೆಯ ಭಾಗವಿದೆ. ಆದರೂ ಖರೀದಿ ಕರಾರುಗಳಲ್ಲಿ ಕಾಣುವುದು ಬಹುಪಾಲು ಹಳೆಯ ಎರಡೂವರೆಯೇ.

ಭಾರತಕ್ಕೆ ಈ ವಿದ್ಯೆ ಬೇಗನೆ ಬಂತು. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ ಸ್ವಾತಂತ್ರ್ಯದ ಹೊತ್ತಿಗೇ ಇಲ್ಲಿಗೆ ಬಂದಿದ್ದ. 1950ರ ದಶಕದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಗುಣಮಟ್ಟ ನಿಯಂತ್ರಣ ಘಟಕಗಳನ್ನು ತೆರೆದ ಊರುಗಳಲ್ಲಿ ಬೆಂಗಳೂರೂ ಒಂದು. ರಫ್ತಿನ ಸರಕಿಗೆ ಸರ್ಕಾರಿ ಮುದ್ರೆ ಬಂದದ್ದು 1963ರ ರಫ್ತು ಗುಣಮಟ್ಟ ನಿಯಂತ್ರಣ ಮತ್ತು ತಪಾಸಣೆ ಕಾಯ್ದೆಯಿಂದ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯೂ ಹೊರದೇಶಕ್ಕೆ ಹೋಗುವ ರೇಷ್ಮೆ ಬಟ್ಟೆಯನ್ನು ತಪಾಸಣೆ ಮಾಡುತ್ತಿತ್ತು. ಉದಾರೀಕರಣದ ನಂತರ ಕಡ್ಡಾಯ ಸರ್ಕಾರಿ ತಪಾಸಣೆ ಮುಖ್ಯವಾಗಿ ಮೀನು, ಹಾಲಿನ ಉತ್ಪನ್ನ, ಜೇನಿನಂಥ ತಿನ್ನುವ ಪದಾರ್ಥಗಳಿಗೆ ಉಳಿಯಿತು. ಉಳಿದ ಸರಕಿನ ಬಳಿಗೆ ಬಾಯರ್, ಅಂದರೆ ಕೊಳ್ಳುವವನು, ಕಳಿಸಿದ ಕ್ಯೂಸಿ (ಗುಣಮಟ್ಟ ನೋಡುವವನು) ಬಂದ.

ಸರಕು ಹಡಗೇರುವ ಮುನ್ನ ನಡೆಯುವ ಇನ್ನೊಂದು ಬಗೆಯ ತಪಾಸಣೆಯೂ ಇತ್ತು. ಇಂಡೊನೇಷ್ಯಾ 1985ರಲ್ಲಿ ತನ್ನ ಕಸ್ಟಮ್ಸ್ ಮೇಲೆ ನಂಬಿಕೆ ಕಳೆದುಕೊಂಡು ಆಮದಿನ ಬೆಲೆ ಪರಿಶೀಲನೆಯನ್ನು ಎಸ್‌ಜಿಎಸ್‌ಗೆ ವಹಿಸಿತ್ತು. ಅದರ ಕಾಳಜಿ ಸುಂಕ, ಗುಣಮಟ್ಟವಲ್ಲ. ಸುಂಕದ ಲೆಕ್ಕಕ್ಕಾಗಿ ಅಂಥ ತಪಾಸಣೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2017ರಲ್ಲಿ ಜಾರಿಗೆ ಬಂದ ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದ ಹೇಳುತ್ತದೆ.

ಗುಣಮಟ್ಟದ ತಪಾಸಣೆಯಲ್ಲಿ ಕಣ್ಣಿನ ಮಿತಿ ಬಯಲಾದದ್ದು 2007ರಲ್ಲಿ. ಚೀನಾದಲ್ಲಿ ತಯಾರಾದ ಮ್ಯಾಟೆಲ್ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿತು. ಹೊಲಿಗೆ ಬಿಟ್ಟದ್ದು, ಗುಂಡಿ ಸಡಿಲವಾದದ್ದು ಕಣ್ಣಿಗೆ ಕಾಣುತ್ತದೆ, ಸೀಸ ಕಾಣುವುದಿಲ್ಲ. ಮರುವರ್ಷವೇ ಅಮೆರಿಕ ಮಕ್ಕಳ ಸಾಮಾನಿಗೆ ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯ ಮಾಡುವ ಕಾನೂನು ತಂದಿತು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ ಇನ್ನೊಂದು ಕುರುಡು ಗೊತ್ತಾಯಿತು. ಅಲ್ಲಿನ ಕೆಲವು ಘಟಕಗಳಿಗೆ ಆಡಿಟ್ ಆಗಿತ್ತು. ಕಟ್ಟಡದ ಗಟ್ಟಿತನ ನೋಡುವುದು ಆ ಆಡಿಟ್‌ನ ವ್ಯಾಪ್ತಿಯಲ್ಲೇ ಇರಲಿಲ್ಲ. ಹೊಲಿಗೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ವ್ಯವಸ್ಥೆಗೆ ಹೊಲಿಯುವವರ ನೆತ್ತಿಯ ಮೇಲಿನ ಬಿರುಕು ಲೆಕ್ಕಕ್ಕೆ ಬಂದಿರಲಿಲ್ಲ.

ಇತ್ತ ಫೇಲಾದ ಲಾಟಿನ ಖರ್ಚು ಸಾಮಾನ್ಯವಾಗಿ ಕಾರ್ಖಾನೆಯ ತಲೆಗೇ. ಕಾರ್ಟನ್ ಬಿಚ್ಚಿ ಚೆಕಿಂಗ್ ಟೇಬಲ್ಲಿನ ಹೆಂಗಸರು ಪ್ರತಿಯೊಂದನ್ನೂ ಮತ್ತೆ ನೋಡಬೇಕು, ಮರುತಪಾಸಣೆಯ ಶುಲ್ಕ ಕಟ್ಟಬೇಕು, ಅಷ್ಟರಲ್ಲಿ ಹಡಗು ತಪ್ಪಿದರೆ ವಿಮಾನದಲ್ಲಿ ಕಳಿಸಬೇಕು. ಇಷ್ಟು ಹೊರೆ ಆ 11ನೆಯ ಷರ್ಟಿನ ಮೇಲಿರುವಾಗ ಅದನ್ನು ಮೇಜರ್ ಅನ್ನದೆ ಮೈನರ್ ಎಂದು ಬರೆಸುವ ಒತ್ತಡ ಹುಟ್ಟದಿದ್ದರೆ ಆಶ್ಚರ್ಯ. 2020ರ ಕೋವಿಡ್ ಕಾಲದಲ್ಲಿ ವಿಡಿಯೋ ತಪಾಸಣೆ ಚಾಲ್ತಿಗೆ ಬಂತು. ಅಗ್ಗ, ಬೇಗ, ಪ್ರಯಾಣವಿಲ್ಲ. ಆದರೆ ಡಾಡ್ಜ್ ಮತ್ತು ರೊಮಿಗ್ ಕಟ್ಟಿದ ಲೆಕ್ಕವೆಲ್ಲ ನಿಂತಿರುವುದು ಮಾದರಿಯನ್ನು ಕಾರ್ಖಾನೆಯವರ ಇಷ್ಟಕ್ಕೆ ಬಿಡದೆ ಎತ್ತಬೇಕು ಎಂಬ ಒಂದೇ ಷರತ್ತಿನ ಮೇಲೆ. ಕ್ಯಾಮೆರಾ ಹಿಡಿದವನೂ ಕಾರ್ಟನ್ ಎಳೆದು ತರುವವನೂ ಕಾರ್ಖಾನೆಯ ನೌಕರರೇ ಆದಾಗ, ಎಷ್ಟನೆಯ ನಂಬರಿನ ಕಾರ್ಟನ್ ಬೇಕೆಂದು ದೂರದಲ್ಲಿ ಕೂತವನು ಕೇಳಬಹುದು. ಆ ನಂಬರನ್ನು ಯಾವ ಕಾರ್ಟನ್ನಿನ ಮೇಲೆ ಅಂಟಿಸಿದ್ದಾರೆ ಎಂಬುದು ಅವನ ಪರದೆಯಲ್ಲಿ ಕಾಣುವುದಿಲ್ಲ.