ಅಡಿಗಲ್ಲಿಗೆ ಮುನ್ನ ಅಗೆತ: ಲಂಡನ್ನಿನ ಒಂದು ನಿದರ್ಶನ

ಚರಿತ್ರಕಾರನಿಗೆ ಗ್ರಂಥದಷ್ಟೇ ನೆಲವೂ ಆಕರ. ಗ್ರಂಥವನ್ನು ಎಷ್ಟು ಸಲವಾದರೂ ಓದಬಹುದು; ಅಗೆದ ನೆಲವನ್ನು ಮತ್ತೆ ಓದಲಾಗದು. ಆದಕಾರಣ ಹೊಸ ಕಟ್ಟಡಕ್ಕೆ ಪಾಯ ತೋಡುವ ಮೊದಲು ಆ ನೆಲವನ್ನು ಎಷ್ಟು ಕಾಲ, ಯಾರ ವೆಚ್ಚದಲ್ಲಿ ಶೋಧಿಸಬೇಕೆಂಬುದು ಗಹನವಾದ ಪ್ರಶ್ನೆ. ಲಂಡನ್ನಿನ ವಾಲ್‌ಬ್ರೂಕ್ ನಿವೇಶನದಲ್ಲಿ ಎರಡು ಸಲ ನಡೆದ ಶೋಧನೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ವಾಲ್‌ಬ್ರೂಕ್ ಎಂಬುದು ರೋಮನ್ ಕಾಲದ ಲಂಡನ್ನಿನ ನಡುವೆ ಹರಿಯುತ್ತಿದ್ದ ಹೊಳೆ; ಈಗ ಬೀದಿಗಳ ಕೆಳಗೆ ಹುದುಗಿದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಈಡಾದ ಈ ಸ್ಥಳದಲ್ಲಿ ಕಚೇರಿಗಳ ಭವನವೊಂದು ಏಳುವ ಮುನ್ನ ಡಬ್ಲ್ಯೂ. ಎಫ್. ಗ್ರೈಮ್ಸ್ ಅವರು ಉತ್ಖನನ ನಡೆಸಿದರು. 1954ರ ಸೆಪ್ಟೆಂಬರ್ 18ರಂದು, ಕೆಲಸ ಮುಗಿಯುವ ಹೊತ್ತಿಗೆ, ಮಿತ್ರಾಸ್ ದೇವತೆಯ ಅಮೃತಶಿಲೆಯ ಶಿರಸ್ಸು ದೊರೆಯಿತು. ಈ ಹೆಸರು ನಮ್ಮ ವೇದಗಳ ಮಿತ್ರನ ಹೆಸರಿಗೆ ಬಂಧುವೆಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತ. ಕ್ರಿ.ಶ. 240ರ ಸುಮಾರಿನ ಆ ಗುಡಿಯನ್ನು ಕಾಣಲು ಜನಸಾಗರವೇ ಹರಿದು ಬಂದಿತು; ಸಚಿವ ಸಂಪುಟದಲ್ಲಿಯೂ ಚರ್ಚೆ ನಡೆಯಿತು. ಆದರೂ ಕಟ್ಟಡದ ಕೆಲಸ ನಿಲ್ಲಲಿಲ್ಲ. ಗುಡಿಯ ಕಲ್ಲುಗಳನ್ನು ಕಿತ್ತು, 1962ರಲ್ಲಿ ಸುಮಾರು 100 ಮೀಟರ್ ದೂರದಲ್ಲಿ ಮರುಜೋಡಿಸಿದರು. ಗುಹೆಯ ಮಬ್ಬಿನಲ್ಲಿ ನಡೆಯುತ್ತಿದ್ದ ಆರಾಧನೆಯ ಸ್ಥಾನ ಹೀಗೆ ಬಯಲ ಬೆಳಕಿಗೆ ಬಂದು ತನ್ನ ಅರ್ಥವನ್ನೇ ಕಳೆದುಕೊಂಡಿತು. ಗ್ರೈಮ್ಸರಲ್ಲಿ ವಿದ್ವತ್ತಿಗೆ ಕೊರತೆಯಿರಲಿಲ್ಲ. ಅವರಿಗೆ ದೊರೆಯದೆ ಹೋದದ್ದು ಕಾಲ.

1990ರಲ್ಲಿ ಇಂಗ್ಲೆಂಡಿನ ಸರಕಾರ ಹೊಸದೊಂದು ಮಾರ್ಗದರ್ಶನವನ್ನು ಹೊರಡಿಸಿತು. ಕಟ್ಟಡ ಕಟ್ಟುವವರೇ ಮುಂಚಿತವಾಗಿ ಶೋಧನೆಗೆ ಏರ್ಪಾಡು ಮಾಡಬೇಕೆಂಬುದು ಅದರ ತಿರುಳು. 2010ರ ನಂತರ ಬ್ಲೂಮ್‌ಬರ್ಗ್ ಸಂಸ್ಥೆಯ ಭವನಕ್ಕಾಗಿ ಅದೇ ನಿವೇಶನವನ್ನು ಅಗೆದಾಗ 14,000ಕ್ಕೂ ಮಿಕ್ಕಿ ವಸ್ತುಗಳು ದೊರೆತವು. ಅವುಗಳಲ್ಲಿ ಅತ್ಯಮೂಲ್ಯವಾದವು 400ಕ್ಕೂ ಹೆಚ್ಚು ಮರದ ಬರವಣಿಗೆಯ ಹಲಗೆಗಳು.

ಓಲೆಗರಿಯ ಮೇಲೆ ಕಂಠದಿಂದ ಕೊರೆದು ಬರೆದ ನಮ್ಮ ಹಿರಿಯರ ರೂಢಿಯನ್ನು ಬಲ್ಲವರಿಗೆ ಈ ಹಲಗೆಗಳ ಬಗೆ ಸುಲಭವಾಗಿ ತಿಳಿಯುತ್ತದೆ. ಹಲಗೆಯ ತಗ್ಗಿನಲ್ಲಿ ಕಪ್ಪು ಜೇನುಮೇಣ ಬಳಿದು ಲೋಹದ ಕಡ್ಡಿಯಿಂದ ಬರೆಯುತ್ತಿದ್ದರು. ಮೇಣ ಅಳಿದಿದೆ, ಅದನ್ನು ದಾಟಿ ಮರಕ್ಕೆ ತಾಗಿದ ಗೀರುಗಳು ಮಾತ್ರ ಉಳಿದಿವೆ. ಗಾಳಿಯಾಡದ ಒದ್ದೆ ಕೆಸರು ಮರವನ್ನು ಕೊಳೆಯಗೊಡಲಿಲ್ಲ. ಬೇರೆ ಬೇರೆ ದಿಕ್ಕಿನಿಂದ ಬೆಳಕು ಹಾಯಿಸಿ ತೆಗೆದ ಚಿತ್ರಗಳ ನೆರವಿನಿಂದ ರೋಜರ್ ಟಾಮ್ಲಿನ್ ಎಂಬ ವಿದ್ವಾಂಸರು ಇವುಗಳಲ್ಲಿ 80ಕ್ಕೂ ಹೆಚ್ಚನ್ನು ಓದಿ 2016ರಲ್ಲಿ ಪ್ರಕಟಿಸಿದರು.

ಒಂದರಲ್ಲಿ ಕ್ರಿ.ಶ. 57ರ ಜನವರಿ 8ರ ತೇದಿಯಿದೆ. ದಾಸ್ಯದಿಂದ ಬಿಡುಗಡೆ ಹೊಂದಿದ ಟಿಬುಲಸ್ ಎಂಬವನು, ತನ್ನಂತೆಯೇ ಬಿಡುಗಡೆ ಪಡೆದ ಗ್ರಾಟಸ್ ಎಂಬವನಿಗೆ ಸರಕಿನ ಬಾಬ್ತು 105 ದಿನಾರಿ ಕೊಡಬೇಕೆಂದು ಒಪ್ಪಿದ ಪತ್ರವಿದು. ಇನ್ನೊಂದು ಕ್ರಿ.ಶ. 62ರ ಅಕ್ಟೋಬರ್ 21ರದು: ವೆರುಲೇಮಿಯಂ ಪಟ್ಟಣದಿಂದ ಲಂಡನ್ನಿಗೆ 20 ಹೇರು ದಿನಸಿ ಸಾಗಿಸುವ ಕರಾರು. ರಾಣಿ ಬೌಡಿಕಳ ದಂಗೆಯಲ್ಲಿ ಈ ಎರಡು ಪಟ್ಟಣಗಳೂ ಸುಟ್ಟು ಬೂದಿಯಾದುದು ಕ್ರಿ.ಶ. 60-61ರಲ್ಲಿ. ಇಷ್ಟು ಬೇಗ ವ್ಯಾಪಾರ ಚೇತರಿಸಿಕೊಂಡಿತೆಂದು ಈ ಕರಾರು ಸಾರುತ್ತದೆ. ಮತ್ತೊಂದರಲ್ಲಿ ಬರಿಯ ಅಕ್ಷರಮಾಲೆಯಿದೆ. ನಲವತ್ತು ವರ್ಷ ಅಕ್ಷರ ತಿದ್ದಿಸಿದ ನನಗೆ ಆ ಹಲಗೆಯೇ ಎಲ್ಲಕ್ಕಿಂತ ಆಪ್ತವೆನಿಸಿತು.

2017ರಲ್ಲಿ ಗುಡಿಯೂ ಬೀದಿಮಟ್ಟದಿಂದ ಸುಮಾರು 7 ಮೀಟರ್ ಕೆಳಗೆ, ಮೂಲಸ್ಥಾನದ ಸಮೀಪಕ್ಕೆ ಮರಳಿತು. ಮೊದಲ ಶೋಧನೆಯಲ್ಲಿ ಲೋಕ ಕಂಡದ್ದು ದೇವತೆಯ ಶಿರಸ್ಸನ್ನು. ಎರಡನೆಯದರಲ್ಲಿ ಕೇಳಿದ್ದು ಸಾಮಾನ್ಯರ ಮಾತನ್ನು. ಟಿಬುಲಸನ ಹೆಸರನ್ನು ಯಾವ ಇತಿಹಾಸಕಾರನೂ ಬರೆದಿಡಲಿಲ್ಲ. ಪಾಯ ತೋಡುವವರು ಕೆಲವು ವರ್ಷ ಕಾದುದರಿಂದ ಮಾತ್ರವೇ ಅದು ನಮ್ಮ ಪಾಲಿಗೆ ಉಳಿಯಿತು.